ಮನೆಯಲ್ಲೇ ಕಾಫಿ ಕೆಡಿಸುವ ಕ್ರಮ: ಸಂಡೂರು ಸೀಮೆಯವರಿಗೊಂದು ಕೈಪಿಡಿ

ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೀವಿರುವುದು ಚಹಾದ ಸೀಮೆಯಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಕೇಳುವುದು ಚಹಾ, ಅದಿರಿನ ಲಾರಿ ಬದಿಗೆ ಹಾಕಿದ ಡ್ರೈವರು ಕೇಳುವುದು ಚಹಾ, ಮಿರ್ಚಿ ಮತ್ತು ಒಗ್ಗರಣೆ ಮಂಡಕ್ಕಿಯ ತಟ್ಟೆ ಖಾಲಿಯಾದ ಮೇಲೆ ಉರಿಯುವ ನಾಲಿಗೆ ಬೇಡುವುದೂ ಚಹಾವನ್ನೇ. ಇಂಥ ಊರಿನಲ್ಲಿ ಮನೆಯಲ್ಲೇ ಬಗೆಬಗೆಯ ಕಾಫಿ ಮಾಡುತ್ತೇನೆಂದು ಹೊರಡುವವನ ಗುರಿ ಕಾಫಿ ಕುಡಿಯುವುದಲ್ಲ, ಕಾಫಿ ಬಲ್ಲವನು ಅನ್ನಿಸಿಕೊಳ್ಳುವುದು. ಬರೀ ಕುಡಿಯುವುದಷ್ಟೇ ನಿಮ್ಮ ಆಸೆಯಾಗಿದ್ದರೆ ಈ ಕೈಪಿಡಿ ಇಲ್ಲಿಗೇ ಮಡಚಿಡಿ. ದೋಣಿಮಲೈ ಟೌನ್‌ಷಿಪ್ಪಿನಲ್ಲಿ ಫಿಲ್ಟರ್ ಕಾಫಿಯ ಮನೆಯೊಂದನ್ನು ಹುಡುಕಿ, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಾಗಿಲು ತಟ್ಟಿ, ಏನೋ ಕಾಗದಪತ್ರದ ವಿಷಯ ಕೇಳಲು ಬಂದವರಂತೆ ಕೂತುಬಿಡಿ. ಉಳಿದವರು ಮುಂದೆ ಓದಿ.

ಪುಡಿಯಿಂದ ಶುರು ಮಾಡಿ. ಚಿಕ್ಕಮಗಳೂರಿನ ಕಡೆ ಮದುವೆಗೋ ಪ್ರವಾಸಕ್ಕೋ ಹೋದಾಗ ವರ್ಷಕ್ಕೆ ಆಗುವಷ್ಟನ್ನು ಒಂದೇ ಏಟಿಗೆ ಕೊಳ್ಳಿ. ಹುರಿದು ಪುಡಿ ಮಾಡಿದ ಕಾಫಿಯ ಘಮ ವಾರಗಳಲ್ಲೇ ಇಳಿದುಹೋಗುತ್ತದೆ ಎಂದು ಅಂಗಡಿಯವನು ಎಚ್ಚರಿಸಿಯಾನು. ಅವನು ಹೇಳುವುದು ನಿಜ. ಆದ್ದರಿಂದಲೇ ಐದು ಕಿಲೋ ತನ್ನಿ. ಬಸ್ಸಿನಲ್ಲಿ ಬರುವಾಗ ಪೊಟ್ಟಣದ ಬಾಯಿ ತುಸು ಬಿಚ್ಚಿ ಪಕ್ಕದ ಸೀಟಿನವರಿಗೂ ಮೂಸಲು ಕೊಡಿ, ನೀವೂ ಎದೆ ತುಂಬ ಮೂಸಿ. ಆ ಪುಡಿಯಿಂದ ನಿಮಗೆ ಸಿಗುವ ಸುಖವೆಲ್ಲ ಆ ಬಸ್ಸಿನೊಳಗೇ ಮುಗಿಯುತ್ತದೆ. ಮನೆಗೆ ಬಂದ ಮೇಲೆ ಡಬ್ಬಿಯನ್ನು ಒಲೆಯ ಮೇಲಿನ ಹಲಗೆಯಲ್ಲಿ, ಇಂಗು ಮತ್ತು ಸಾರಿನಪುಡಿಯ ನಡುವೆ ಇಡಿ. ಬೆಳಕು, ಗಾಳಿ, ಬಿಸಿ, ತೇವ, ಈ ನಾಲ್ಕು ಕಾಫಿಪುಡಿಯ ವೈರಿಗಳು. ನಾಲ್ಕೂ ಒಟ್ಟಿಗೆ ಸಿಗುವ ಜಾಗ ಮನೆಯಲ್ಲಿ ಅದೊಂದೇ. ಮುಚ್ಚಳ ಸಡಿಲವಿರಲಿ.

ಸಡಿಲ ಮುಚ್ಚಳಕ್ಕೆ ಯಾರಾದರೂ ಆಕ್ಷೇಪ ತೆಗೆದರೆ ತಡಬಡಿಸಬೇಡಿ, ಮಾನ್ಸೂನ್ಡ್ ಮಲಬಾರಿನ ಹೆಸರು ಹೇಳಿ. ಮಂಗಳೂರು ಕಡೆಯ ಗೋದಾಮುಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಕಾಫಿಬೀಜವನ್ನು ಹರವಿ ಕಡಲ ತೇವಗಾಳಿಗೆ ಒಡ್ಡುತ್ತಾರೆ. ಬೀಜ ಉಬ್ಬುತ್ತದೆ, ಹಸಿರು ಹೋಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ, ಹುಳಿ ಇಳಿಯುತ್ತದೆ. ಹಾಯಿಹಡಗಿನ ಕಾಲದಲ್ಲಿ ಯುರೋಪಿಗೆ ತಿಂಗಳುಗಟ್ಟಲೆ ಸಾಗುವಾಗ ಬೀಜಕ್ಕೆ ತಾನಾಗಿ ಆಗುತ್ತಿದ್ದುದನ್ನು ಈಗ ಬೇಕೆಂದೇ ಮಾಡುವುದು, ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಅದೆಲ್ಲ ಹುರಿಯುವ ಮುಂಚಿನ ಬೀಜಕ್ಕೆ ಮಾಡುವ ಸಂಸ್ಕಾರ, ನಿಮ್ಮ ಡಬ್ಬಿಯಲ್ಲಿರುವುದು ಹುರಿದು ಪುಡಿಯಾಗಿ ಮುಗಿದ ಸರಕು ಎಂಬ ಮಾತನ್ನು ಮಾತ್ರ ಎತ್ತಬೇಡಿ. ರಾಮಘಡದ ಗುಡ್ಡದ ಮೇಲೆ ಮೋಡ ಇಳಿದು ಕೂರುವ ವಾರ ಡಬ್ಬಿಯನ್ನು ಪೂರಾ ತೆರೆದು ಕಿಟಕಿಯಲ್ಲಿಡಿ. ಗಂಟುಗಂಟಾದ ಪುಡಿಯನ್ನು ಚಮಚದಿಂದ ಕುಟ್ಟುತ್ತಾ "ಇದು ಸಂಡೂರು ಮಾನ್ಸೂನ್ಡ್" ಎನ್ನಿ. ತಳಿ ಯಾವುದೆಂದು ಕೇಳಿದರೆ ಕಣ್ಣು ಮಿಟುಕಿಸದೆ "ಎಸ್. 795" ಎನ್ನಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ ಹೆಸರಾಂತ ಅರೇಬಿಕಾ ಅದು. ಕುಡಿದು ಪತ್ತೆ ಹಚ್ಚುವವರು ನಿಮ್ಮ ಓಣಿಯಲ್ಲಿ ಇಲ್ಲ.

ಇನ್ನೂ ಮುಂದೆ ಹೋಗುವ ಛಲವಿದ್ದರೆ ಹುರಿದ ಬೀಜವನ್ನೇ ತಂದು ಮನೆಯಲ್ಲಿ ಪುಡಿ ಮಾಡಿ. ಇಲ್ಲಿ ಗಣಿಯ ಸೀಮೆಯವರಾಗಿ ನಿಮಗೊಂದು ಅನುಕೂಲವಿದೆ. ಅದಿರನ್ನು ಜರಡಿ ಹಿಡಿದು ಲಂಪ್ಸ್ ಬೇರೆ, ಫೈನ್ಸ್ ಬೇರೆ ಮಾಡುತ್ತಾರೆಂದು ಸಂಡೂರಿನ ಮಕ್ಕಳಿಗೂ ಗೊತ್ತು. ಹತ್ತು ಮಿಲಿಮೀಟರಿಗಿಂತ ಸಣ್ಣದು ಫೈನ್ಸ್, ದಪ್ಪದ್ದು ಲಂಪ್ಸ್, ಎರಡಕ್ಕೂ ಬೇರೆ ಬೇರೆ ದರ. ಕಾಫಿಯಲ್ಲೂ ಇದೇ ನ್ಯಾಯ ನಡೆಯುತ್ತದೆ. ನುಣ್ಣನೆಯ ಪುಡಿ ಬೇಗ ರಸ ಬಿಟ್ಟು ಕಹಿಯಾಗುತ್ತದೆ, ತರಿ ಪುಡಿ ತಡವಾಗಿ ಬಿಟ್ಟು ಹುಳಿಯಾಗುತ್ತದೆ, ಎಲ್ಲ ಒಂದೇ ಗಾತ್ರದಲ್ಲಿದ್ದರೆ ಮಾತ್ರ ರುಚಿ ಕೂಡುತ್ತದೆ. ಆದ್ದರಿಂದ ಕಲ್ಲಿನ ಹಾಗೆ ಒಂದೇ ಸಮ ಅರೆಯುವ ಬೀಸುವ ಯಂತ್ರವನ್ನು ಕೊಳ್ಳಲೇಬೇಡಿ. ಮಿಕ್ಸಿಯಲ್ಲಿ ಹಾಕಿ ಗರ್ರೆನ್ನಿಸಿ. ಅರ್ಧ ಲಂಪ್ಸು, ಅರ್ಧ ಫೈನ್ಸು ಸಿಗುತ್ತದೆ, ಕಹಿಯೂ ಹುಳಿಯೂ ಒಂದೇ ಲೋಟದಲ್ಲಿ ಸೇರುತ್ತವೆ. ಶೇಂಗಾ ಚಟ್ನಿಪುಡಿ ಮಾಡಿದ ಜಾರನ್ನೇ ಬಳಸಿ. ತೊಳೆಯಬೇಡಿ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೊದಲ ಗುಟುಕಿನಲ್ಲಿ ಬೆಳ್ಳುಳ್ಳಿ, ಕೊನೆಯಲ್ಲಿ ಒಣಮೆಣಸಿನ ಕಾರ ಬರುತ್ತದೆ. ಕಾಫಿ ಸವಿಯುವ ಪಂಡಿತರು ಇದನ್ನೇ "ನೋಟ್ಸ್" ಎಂದು ಕರೆಯುವುದು.

ಚಿಕೋರಿಯ ಬಗ್ಗೆ ಒಂದು ನಿಲುವು ಇಟ್ಟುಕೊಳ್ಳಿ. ಯಾವ ನಿಲುವಾದರೂ ನಡೆಯುತ್ತದೆ, ಜೋರಾಗಿರಬೇಕು ಅಷ್ಟೆ. ಚಿಕೋರಿ ಎಂಬುದು ಒಂದು ಗಿಡದ ಬೇರು. ಒಣಗಿಸಿ ಹುರಿದು ಪುಡಿ ಮಾಡಿದರೆ ಕಪ್ಪಗೆ ಗಟ್ಟಿಯಾದ ಡಿಕಾಕ್ಷನ್ ಕೊಡುತ್ತದೆ, ಕೆಫೀನಿನ ಸೋಂಕೂ ಅದರಲ್ಲಿಲ್ಲ. ನೆಪೋಲಿಯನ್ 1806ರಲ್ಲಿ ಬ್ರಿಟಿಷರ ಸರಕಿಗೆ ಯುರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಕಾಫಿ ಸಿಗದೆ ಅಲ್ಲಿನವರು ಈ ಬೇರನ್ನು ಕುಡಿದು ಬದುಕಿದರು. ನಮ್ಮಲ್ಲಿ ಯಾವ ದಿಗ್ಬಂಧನವೂ ಇಲ್ಲ, ಆದರೂ ಕುಡಿಯುತ್ತೇವೆ. ಕಾನೂನಿನ ಪ್ರಕಾರ ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಬೇಕು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು. ಬರೆದೂ ಇರುತ್ತಾರೆ, ಆ ಅಕ್ಷರ ಓದಲು ಹೋಗಬೇಡಿ. 53:47ರ ಪೊಟ್ಟಣ ಕೊಂಡುತಂದು, ಗಾಜಿನ ಜಾಡಿಗೆ ಸುರಿದು, "ಶುದ್ಧ ತೋಟದ ಕಾಫಿ" ಎಂದು ಚೀಟಿ ಅಂಟಿಸಿ. ನೂರರಲ್ಲಿ ನಲವತ್ತೇಳು ಪಾಲು ಬೇರು ಕುಡಿಯುತ್ತಾ "ಎಂಥಾ ಕಿಕ್ಕು ನೋಡಿ" ಎನ್ನುವ ಗೆಳೆಯ ನಿಮಗಿದ್ದರೆ ಅವನನ್ನು ಬಿಡಬೇಡಿ, ಮುಂದಿನ ಪ್ರಯೋಗಗಳಿಗೆಲ್ಲ ಅವನೇ ಬೇಕು.

ಈಗ ನೀರು. ಬೋರಿನ ಗಡಸು ನೀರನ್ನೇ ಹಿಡಿಯಿರಿ. ಕಾಫಿಯ ಘಮದ ಅಂಶಗಳನ್ನು ಅದು ಹೊರಗೆ ಬರಗೊಡದೆ ಮಂಕು ಮಾಡುತ್ತದೆ, ಜೊತೆಗೆ ಪಾತ್ರೆಯ ಒಳಗೆ ಬಿಳಿ ಪೊರೆ ಬಿಟ್ಟು ನಿಮ್ಮ ಅನುಭವಕ್ಕೆ ಸಾಕ್ಷಿ ಉಳಿಸುತ್ತದೆ. ಹೊಸಪೇಟೆಯವರಿಗೂ ಹೊಳೆಯ ದಡದ ಕಂಪ್ಲಿಯವರಿಗೂ ಬೇರೊಂದು ದಾರಿಯಿದೆ. ತುಂಗೆಯೂ ಭದ್ರೆಯೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ಮೈಸೂರು ಸಂಸ್ಥಾನ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರು ಮಾಡಿದ ಕಾಫಿ ಪ್ರಯೋಗ ಕೇಂದ್ರದ ಊರನ್ನು ಬಳಸಿಕೊಂಡೇ ಭದ್ರೆ ಹರಿಯುತ್ತಾಳೆ. ಅಂದರೆ ನಿಮ್ಮ ತುಂಗಭದ್ರಾ ಡ್ಯಾಮಿಗೆ ಬರುವ ನೀರು ಕಾಫಿಯ ಸೀಮೆಯನ್ನು ಆಗಲೇ ತೊಳೆದುಕೊಂಡು ಬಂದಿದೆ. ಪುಡಿ ಅರ್ಧ ಹಾಕಿದರೆ ಸಾಕು. ಅತಿಥಿ ತೆಳ್ಳಗಾಯಿತೆಂದರೆ ಈ ಭೂಗೋಳ ವಿವರಿಸಿ.

ಬಿಸಿಯ ಲೆಕ್ಕವನ್ನೂ ಕಲಿತುಕೊಳ್ಳಿ, ಮೀರಬೇಕಾದದ್ದು ಏನೆಂದು ಗೊತ್ತಿರಬೇಕಲ್ಲ. ಕಾಫಿಗೆ 92ರಿಂದ 96 ಡಿಗ್ರಿ ಹದ ಎನ್ನುತ್ತಾರೆ ತಿಳಿದವರು. ಸಂಡೂರು ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿದೆ, ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕುದಿ ಬಂದ ಮೇಲೆ ಒಲೆ ಆರಿಸಿ ಒಂದು ನಿಮಿಷ ಕಾದರೆ ಹದ ತಾನಾಗಿ ಒದಗುತ್ತದೆ. ಇಷ್ಟು ಸುಲಭವಾಗಿ ಸರಿಹೋಗುವ ಅಪಾಯ ಇರುವುದರಿಂದಲೇ ಕಾಯಬೇಡಿ. ಅಥವಾ ಕಾಯುವುದಾದರೆ ಫೋನಿನಲ್ಲಿ ಯಾರೊಂದಿಗಾದರೂ ಮಾತಿಗೆ ಕೂತು, ನೀರು ಸ್ನಾನದ ಹದಕ್ಕೆ ಇಳಿದ ಮೇಲೆ ಸುರಿಯಿರಿ.

ಫಿಲ್ಟರಿಗೆ ಬನ್ನಿ. ಇದರಲ್ಲಿ ಕೆಡಿಸುವ ಅವಕಾಶಗಳು ಎಷ್ಟೊಂದಿವೆ ಎಂದರೆ ಅವಸರ ಮಾಡಬಾರದು. ಸಾಧನ ಬಹಳ ಸರಳ. ಮೇಲೊಂದು ತೂತಿನ ಪಾತ್ರೆ, ಕೆಳಗೊಂದು ಡಿಕಾಕ್ಷನ್ ಬೀಳುವ ಪಾತ್ರೆ, ಪುಡಿಯ ಮೇಲೆ ಕೂರಿಸುವ ಹಿಡಿಯಿರುವ ತೂತಿನ ಬಿಲ್ಲೆ, ಒಂದು ಮುಚ್ಚಳ. ವಿದ್ಯುತ್ತು ಬೇಡ, ಕಾಗದ ಬೇಡ, ಕಲಿಯುವುದಕ್ಕೆ ವಿಡಿಯೋ ಬೇಡ. ಇಂಥ ವಸ್ತುವಿನಿಂದ ಪ್ರತಿಷ್ಠೆ ಹುಟ್ಟುವುದಿಲ್ಲ. ಹಿತ್ತಾಳೆಯದನ್ನು ಕೊಳ್ಳಿ. ಕೊಂಡು ಷೋಕೇಸಿನಲ್ಲಿಡಿ. ಕಾಫಿ ಮಾಡಲು ಅಮ್ಮನ ಕಾಲದ ಸ್ಟೀಲಿನದನ್ನೇ ಅಟ್ಟದಿಂದ ಇಳಿಸಿ.

ಅದರ ತೂತುಗಳು ಮುಚ್ಚಿರುತ್ತವೆ. ಬೆಳಕಿಗೆ ಹಿಡಿದು ನೋಡಿ. ನಾಲ್ಕಾರು ಕಡೆ ಮಾತ್ರ ಚುಕ್ಕಿ ಕಂಡರೆ ಸಮಾಧಾನಪಡಿ, ಅಷ್ಟು ಸಾಕು. ಹಿರಿಯರು ಮೇಲಿನ ಪಾತ್ರೆಯನ್ನು ಒಲೆಯ ಉರಿಯ ಮೇಲೆ ಬೋರಲು ಹಿಡಿದು, ಸಿಕ್ಕಿಕೊಂಡ ಪುಡಿಯನ್ನು ಸುಟ್ಟು, ತಟ್ಟಿ ಉದುರಿಸುತ್ತಿದ್ದರು. ಅದು ಕೆಲಸ ಮಾಡುತ್ತದೆ, ಹಾಗಾಗಿ ನಮಗೆ ಬೇಡ. ಗೋಣಿ ಹೊಲಿಯುವ ದಬ್ಬಳ ತೆಗೆದುಕೊಂಡು ಒಂದೊಂದೇ ತೂತನ್ನು ತಿವಿದು ದೊಡ್ಡದು ಮಾಡಿ. ಈಗ ಅರ್ಧ ತೂತುಗಳಿಂದ ನೀರೇ ಇಳಿಯುವುದಿಲ್ಲ, ಉಳಿದರ್ಧದಿಂದ ಪುಡಿಯೂ ಸೇರಿ ಧೊಪ್ಪನೆ ಇಳಿಯುತ್ತದೆ.

ಪುಡಿ ತುಂಬಿ ಬಿಲ್ಲೆಯಿಂದ ಒತ್ತಿ. ಪುಡಿ ಅಲುಗದಂತೆ ಹಗುರವಾಗಿ ಕೂರಿಸುವುದಕ್ಕೆ ಮಾತ್ರ ಆ ಬಿಲ್ಲೆ ಇರುವುದು. ನೀವು ಮೈಭಾರ ಬಿಟ್ಟು ಅದುಮಿ. ಕುದಿನೀರು ಸುರಿದು ಮುಚ್ಚಳ ಬಿಗಿಯಿರಿ, ಎರಡು ಪಾತ್ರೆಗಳ ನಡುವೆಯೂ ಸಂದಿಲ್ಲದಂತೆ ತಿರುಗಿಸಿ ಬಿಗಿ ಮಾಡಿ. ಕೆಳಗಿನ ಪಾತ್ರೆಯ ಗಾಳಿಗೆ ಹೊರಹೋಗಲು ದಾರಿ ಇಲ್ಲವಾದರೆ ಮೇಲಿನ ನೀರು ಇಳಿಯುವುದಿಲ್ಲ. ಇದು ಎಂಟನೇ ತರಗತಿಯ ವಿಜ್ಞಾನ. ತುಸು ಎತ್ತಿ ಸಡಿಲ ಮಾಡಿದರೆ ಗಾಳಿ ಹೊರಬಿದ್ದು ತೊಟ್ಟು ಶುರುವಾಗುತ್ತದೆ. ನೀವು ಎತ್ತಬೇಡಿ, ಕುಟ್ಟಿ. ಮೊದಲು ಬೆರಳಿನಿಂದ, ಆಮೇಲೆ ಚಮಚದಿಂದ, ಕೊನೆಗೆ ಇಡೀ ಫಿಲ್ಟರನ್ನೇ ಕಟ್ಟೆಗೆ. ಈ ಸದ್ದು ಪಡಸಾಲೆಯಲ್ಲಿ ಕೂತ ನೆಂಟರಿಗೆ ಕೇಳಬೇಕು. ಒಳಗೆ ಏನೋ ದೊಡ್ಡ ಕಾರ್ಯ ನಡೆದಿದೆ ಎಂಬ ಗೌರವ ಹುಟ್ಟುತ್ತದೆ.

ಡಿಕಾಕ್ಷನ್ ಇಳಿಯಲು ಇಪ್ಪತ್ತು ನಿಮಿಷವೂ ಆಗಬಹುದು, ಗಂಟೆಯೂ ಆಗಬಹುದು. ತಿಳಿದ ಮನೆಗಳಲ್ಲಿ ರಾತ್ರಿಯೇ ಹಾಕಿಟ್ಟು ಮಲಗುತ್ತಾರೆ. ನೀವು ನೆಂಟರು ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆಯೇ ಹಾಕಿ. ಈ ಹೊತ್ತನ್ನು ಚರಿತ್ರೆಯಿಂದ ತುಂಬಬೇಕು. ಬಾಬಾ ಬುಡನ್ ಹಜ್ ಮುಗಿಸಿ ಬರುವಾಗ ಯೆಮನ್ನಿನಿಂದ ಏಳು ಬೀಜ ತಂದರೆಂಬ ಕಥೆ ಎಲ್ಲರಿಗೂ ಗೊತ್ತಿರುತ್ತದೆ, ಅದನ್ನು ಬೇಗ ಮುಗಿಸಿ. ಅದು 1670ರ ಸುಮಾರಿನ ಮಾತು, ಹಂಪಿ ಹಾಳಾದದ್ದು 1565ರಲ್ಲಿ. ನಡುವಿನ ನೂರೈದು ವರ್ಷವನ್ನು ಬೆರಳಿನಲ್ಲಿ ಎಣಿಸಿ ತೋರಿಸಿ, ವಿಜಯನಗರದ ರಾಮರಾಯನ ಪಾಳೆಯದಲ್ಲಿ ಬೆಳಗಿನ ಕಾಫಿ ಇರಲಿಲ್ಲವೆಂಬುದನ್ನು ಇತಿಹಾಸಕಾರರು ಗಮನಿಸಿಯೇ ಇಲ್ಲ ಎಂದು ಬೇಸರದಿಂದ ಹೇಳಿ. ಸುಳ್ಳು ಹೇಳಿದಂತಾಗುವುದಿಲ್ಲ, ತೀರ್ಮಾನವನ್ನು ಕೇಳುಗರಿಗೇ ಬಿಟ್ಟಿರುತ್ತೀರಿ. ಇಷ್ಟಾದರೂ ಡಿಕಾಕ್ಷನ್ ಇಳಿಯದಿದ್ದರೆ ವಿಜಯನಗರದ ನಾಲ್ಕು ವಂಶಗಳು ಇನ್ನೂ ಬಾಕಿ ಇರುತ್ತವೆ, ಸಂಗಮದಿಂದ ಶುರು ಮಾಡಿ.

ಕೊನೆಗೂ ಇಳಿದದ್ದನ್ನು ಒಂದೇ ಸಲಕ್ಕೆ ಮುಗಿಸಬೇಡಿ. ಅದೇ ಪುಡಿಯ ಮೇಲೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆಯಿರಿ, ಅದರ ಮೇಲೆ ಮೂರನೆಯದನ್ನೂ. ಎರಡನೇ ಡಿಕಾಕ್ಷನ್ನು ನಮ್ಮ ಮನೆಗಳು ಕಂಡುಹಿಡಿದ ಅತ್ಯಂತ ಸೂಕ್ಷ್ಮವಾದ ಅಳತೆಗೋಲು ಎಂದು ನನ್ನ ಅಭಿಪ್ರಾಯ. ಬಾಯಿಬಿಟ್ಟು ಒಂದು ಮಾತೂ ಆಡದೆ ಯಾರ ಜಾಗ ಎಲ್ಲಿ ಎಂದು ಹೇಳಿಬಿಡಬಹುದು. ಮೊದಲನೆಯದು ಮಗಳನ್ನು ನೋಡಲು ಬಂದವರಿಗೆ, ಸಾಲ ಮಂಜೂರು ಮಾಡುವವರಿಗೆ. ಎರಡನೆಯದು ಮದುವೆಯಾಗಿ ವರ್ಷ ಕಳೆದ ಮೇಲೆ ಬರುವ ಅದೇ ಬೀಗರಿಗೆ, ಸಾಲದ ಕಂತು ಮುಗಿದ ಮೇಲೆ ಬರುವ ಅದೇ ಬ್ಯಾಂಕಿನವರಿಗೆ. ಮೂರನೆಯದು ಮನೆಯ ಯಜಮಾನರಿಗೆ. ಯಾರು ಯಾವ ಲೋಟವೆಂದು ಗುರುತಿಟ್ಟುಕೊಳ್ಳಿ, ಇಲ್ಲಿ ತಪ್ಪಿದರೆ ಕಾಫಿಯಲ್ಲ, ಸಂಬಂಧ ಕೆಡುತ್ತದೆ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಳೆ ಹಾಲಿನ ಜೊತೆಯೇ ಒಲೆಗೇರಿಸಿ ಕೊತಕೊತ ಕುದಿಸಿ. ಡಿಕಾಕ್ಷನ್ ಕುದಿಸಬಾರದೆಂಬುದು ಕಾಫಿ ಮನೆಗಳ ಮೊದಲ ಪಾಠ. ಕುದಿದ ಡಿಕಾಕ್ಷನ್ ಕಹಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಬೆಗೆ ಕಳಿಸಿಬಿಡುತ್ತದೆ.

ಕಂಪ್ಲಿಯಿಂದ ಬಂದ ಮಾವ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು ಹೀಗೆ ಕೇಳಬಹುದು: "ಏನಪ್ಪಾ, ಮನ್ಯಾಗೆ ಯಾರಿಗನ ನೆಗಡಿ ಆಗೈತಾ? ಕಷಾಯ ಕೊಟ್ಟಿಯಲ್ಲ." ಬೇಜಾರಾಗಬೇಡಿ. "ಮಾವಾ, ಇದು ಸಿಂಗಲ್ ಒರಿಜಿನ್" ಎನ್ನಿ. ಅವರು "ಹಂಗಂದ್ರೆ?" ಎನ್ನುತ್ತಾರೆ. "ಒಂದೇ ತೋಟದ್ದು" ಎನ್ನಿ. "ನಮ್ಮ ಭತ್ತಾನೂ ಒಂದೇ ಗದ್ದೀದು. ಹಂಗಂತ ಅನ್ನ ಹಸೀ ಇಟ್ರೆ ಉಣ್ತಿಯೇನು?" ಎಂದು ಅವರು ತಿರುಗಿ ಕೇಳಿದರೆ ಈ ಕೈಪಿಡಿಯಲ್ಲಿ ಅದಕ್ಕೆ ಉತ್ತರವಿಲ್ಲ. ಒಳಗೆ ಹೋಗಿ ಸಕ್ಕರೆ ಡಬ್ಬಿ ತನ್ನಿ.

ಫಿಲ್ಟರಿನ ಪದವಿ ಮುಗಿಸಿದ ಮೇಲೆ ವಿದೇಶಿ ಉಪಕರಣಗಳಿಗೆ ಏರಿ. ಎಲ್ಲವನ್ನೂ ಒಂದೇ ತಿಂಗಳಲ್ಲಿ ತರಿಸಿ. ಒಂದನ್ನು ಕಲಿತು ಇನ್ನೊಂದಕ್ಕೆ ಹೋಗುವವರು ಎಲ್ಲಾದರೂ ಒಂದು ಕಡೆ ಒಳ್ಳೆಯ ಕಾಫಿಗೆ ಸಿಕ್ಕಿಬಿದ್ದು ಅಲ್ಲೇ ನಿಂತುಬಿಡುತ್ತಾರೆ.

ಫ್ರೆಂಚ್ ಪ್ರೆಸ್ ಸುಲಭದ್ದು. ಹೆಸರು ಫ್ರೆಂಚರದ್ದಾದರೂ ಇಂದಿನ ರೂಪಕ್ಕೆ 1929ರಲ್ಲಿ ಪೇಟೆಂಟ್ ತೆಗೆದವರು ಇಟಲಿಯವರು. ಇದನ್ನು ಪ್ರತಿ ಸಲವೂ ಹೇಳಿ. ಗಾಜಿನ ಪಾತ್ರೆಗೆ ತರಿ ಪುಡಿ ಹಾಕಿ, ಬಿಸಿನೀರು ಸುರಿದು, ನಾಲ್ಕು ನಿಮಿಷ ಬಿಟ್ಟು, ಜಾಲರಿಯನ್ನು ನಿಧಾನವಾಗಿ ಒತ್ತಿ ಬಗ್ಗಿಸಿಕೊಂಡರೆ ಮುಗಿಯಿತು. ನೀವು ಫಿಲ್ಟರಿಗೆ ತಂದ ನುಣ್ಣನೆಯ ಪುಡಿಯನ್ನೇ ಹಾಕಿ. ನಾಲ್ಕು ನಿಮಿಷವನ್ನು ನಲವತ್ತು ಮಾಡಿ. ಆಮೇಲೆ ಒಂದೇ ಸಲ ರಭಸದಿಂದ ಒತ್ತಿ, ಬಿಳಿ ಅಂಗಿ ಹಾಕಿಕೊಂಡಿದ್ದರೆ ಫಲಿತಾಂಶ ಇನ್ನೂ ಸ್ಪಷ್ಟ. ಲೋಟದ ತಳದಲ್ಲಿ ಉಳಿಯುವ ಕೆಸರಿನ ಬಗ್ಗೆ ಪ್ರಶ್ನೆ ಬಂದರೆ ಹಂಪಿ ಬಳಿಯ ವಿರೂಪಾಪುರ ಗಡ್ಡೆಯ ಕೆಫೆಯೊಂದರಲ್ಲಿ ವಿದೇಶಿಯೊಬ್ಬರಿಂದ ಕಲಿತದ್ದೆಂದು ಹೇಳಿ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಅಲ್ಲಿನ ಕೆಫೆಗಳ ಕಟ್ಟಡಗಳನ್ನು ಕೆಡವಿದ್ದಾರೆ, ಹೋಗಿ ವಿಚಾರಿಸುವವರಿಗೆ ಅಲ್ಲಿ ಯಾರೂ ಸಿಗುವುದಿಲ್ಲ. ಗಾಜು ತೊಳೆಯುವಾಗ ಒಡೆಯುತ್ತದೆ. ಉಳಿದ ಕಂಬಿಯ ಕಟ್ಟನ್ನು ಪೆನ್ನಿಡಲು ಬಳಸಿ.

ಮೋಕಾ ಪಾಟ್ ಕೂಡ ಇಟಲಿಯದೇ, 1933ರ ಬಿಯಾಲೆಟ್ಟಿಯ ಮಾಲು. ಕೆಳಗಿನ ನೀರು ಕಾದು ಹಬೆಯ ಒತ್ತಡದಿಂದ ಪುಡಿಯ ಮೂಲಕ ಮೇಲೇರಿ ಮೇಲಿನ ಪಾತ್ರೆಗೆ ಬೀಳುತ್ತದೆ. ಇದರ ಸೊಗಸು ಏನೆಂದರೆ ನಮ್ಮ ಗ್ಯಾಸ್ ಒಲೆಯ ಕಾಲುಗಳ ನಡುವಿನ ಜಾಗಕ್ಕಿಂತ ಇದರ ತಳ ಚಿಕ್ಕದು. ಮೇಲೊಂದು ಸಣ್ಣ ಜಾಲರಿ ಇಟ್ಟರೆ ನಿಲ್ಲುತ್ತದೆ, ಆದರೆ ನೀವು ಇಕ್ಕಳದಲ್ಲಿ ಹಿಡಿದುಕೊಂಡೇ ನಿಲ್ಲಿ. ಉರಿ ದೊಡ್ಡದಿರಲಿ, ಹಿಡಿಯ ಪ್ಲಾಸ್ಟಿಕ್ಕು ಕರಗಿ ಅದರ ವಾಸನೆಯೂ ಸೇರಲಿ. ಗೊರಗೊರ ಸದ್ದು ಬಂದೊಡನೆ ಇಳಿಸಬೇಕೆನ್ನುತ್ತಾರೆ, ನೀವು ಸದ್ದು ನಿಲ್ಲುವವರೆಗೆ ಬಿಡಿ. ಒಂದು ವಿಷಯದಲ್ಲಿ ಮಾತ್ರ ಪೆಟ್ಟಿಗೆಯೊಳಗಿನ ಚೀಟಿ ಹೇಳಿದಂತೆ ಕೇಳಿ. ಪಕ್ಕದಲ್ಲಿರುವ ಸುರಕ್ಷತೆಯ ಕವಾಟದ ಕೆಳಗೇ ನೀರು ನಿಲ್ಲಬೇಕು, ಕವಾಟಕ್ಕೆ ಕೈ ಹಚ್ಚಬಾರದು. ಕೆಟ್ಟ ಕಾಫಿ ಕುಡಿಯಲು ಮನೆಯಲ್ಲಿ ಎಲ್ಲರೂ ಕ್ಷೇಮವಾಗಿರಬೇಕು.

ಸುರಿಯುವ ಕಾಫಿಗೆ, ಅಂದರೆ ವಿ60ಗೆ, ಅರವತ್ತು ಡಿಗ್ರಿ ಕೋನದ ಒಂದು ಆಲಿಕೆ ಬೇಕು, ಕಾಗದದ ಜಾಲರಿ ಬೇಕು, ಕೊಕ್ಕರೆ ಕತ್ತಿನ ಕೆಟಲ್ ಬೇಕು, ಗ್ರಾಮು ತೋರಿಸುವ ತಕ್ಕಡಿ ಬೇಕು, ನಿಲ್ಗಡಿಯಾರ ಬೇಕು. 15 ಗ್ರಾಮ್ ಪುಡಿಗೆ 240 ಮಿಲಿ ನೀರು. ಮೊದಲು ಮೂವತ್ತು ಮಿಲಿಯಷ್ಟು ಸುರಿದು ಅರ್ಧ ನಿಮಿಷ ಬಿಟ್ಟರೆ ತಾಜಾ ಪುಡಿಯಿಂದ ಗಾಳಿ ಹೊರಟು ಅದು ಉಬ್ಬುತ್ತದೆ. ನಿಮ್ಮ ಪುಡಿ ಉಬ್ಬುವುದಿಲ್ಲ, ಅದರ ಪ್ರಾಣ ಒಲೆಯ ಮೇಲಿನ ಹಲಗೆಯಲ್ಲಿ ಹೋಗಿ ಆರು ತಿಂಗಳಾಗಿದೆ. ಆದರೂ ಬಗ್ಗಿ ನೋಡಿ, "ಬ್ಲೂಮ್ ಆಗ್ತಾ ಇದೆ" ಎಂದು ಪಿಸುಗುಟ್ಟಿ. ಜರ್ಮನಿಯ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಮಗನ ಶಾಲಾ ಪುಸ್ತಕದ ಒತ್ತುಕಾಗದದಲ್ಲಿ ಕಾಫಿ ಸೋಸಿ ಒಂದು ಕಂಪನಿಯನ್ನೇ ಕಟ್ಟಿದಳು. ಕಾಗದದ ಜಾಲರಿ ಮುಗಿದ ದಿನ ನೀವೂ ಮಗನ ನೋಟ್‌ಬುಕ್ಕಿನ ಹಾಳೆ ಹರಿಯಿರಿ. ಲೆಕ್ಕದ ಪುಸ್ತಕವಾದರೆ ಉತ್ತಮ, ಶಾಯಿ ಹೆಚ್ಚಿರುತ್ತದೆ. ಅಷ್ಟು ಹೊತ್ತಿಗೆ ಲೋಟದಲ್ಲಿ ಸೇರಿದ ಹಾಲಿಲ್ಲದ ತಣ್ಣನೆಯ ಕಂದು ನೀರಿಗೆ ಯಾರಾದರೂ ಹಾಲು ಕೇಳಿದರೆ ಕೇಳಿಸದವರಂತೆ ಇರಿ.

ಏರೋಪ್ರೆಸ್ಸನ್ನು ಮಾಡಿದವರು ಹಾರಿಸುವ ಬಳೆಯಂಥ ಆಟಿಕೆಗಳನ್ನು ಮಾಡಿ ಹೆಸರಾದ ಅಮೆರಿಕದ ಆಲನ್ ಆಡ್ಲರ್, 2005ರಲ್ಲಿ. ದೊಡ್ಡ ಸಿರಿಂಜಿನಂಥ ಈ ಕೊಳವೆಯನ್ನು ತಲೆಕೆಳಗು ಮಾಡಿ ಬಳಸುವ ಪಂಥವೊಂದಿದೆ, ನೀವು ಅದಕ್ಕೇ ಸೇರಿ. ತುಂಬಿದ ಕೊಳವೆಯನ್ನು ಲೋಟದ ಮೇಲೆ ತಿರುಗಿಸುವ ಗಳಿಗೆಯಲ್ಲಿ ಅಡಿ ಬಿಚ್ಚಿಕೊಂಡು ಎಲ್ಲವೂ ಕಟ್ಟೆಯ ಮೇಲೆ ಹರಿಯುತ್ತದೆ. ಗಾಬರಿ ಬೇಡ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಹರಿವಿಗೆ ಅಡ್ಡ ಹಾಕಲು ಪರಿಣತರಿಗೇ ವಾರ ಹಿಡಿಯಿತು. ನಿಮ್ಮ ಬಳಿ ನೆಲ ಒರೆಸುವ ಬಟ್ಟೆ ಇದೆ.

ಡಾಲ್ಗೋನಾ ಕಾಫಿಯನ್ನು 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಮಾಡಿ ಕೈನೋವು ತಂದುಕೊಂಡಿದ್ದಾರೆ, ಹೆಚ್ಚು ಹೇಳಬೇಕಿಲ್ಲ. ಇನ್‌ಸ್ಟಂಟ್ ಪುಡಿ, ಸಕ್ಕರೆ, ಬಿಸಿನೀರು ಸಮಸಮ ಹಾಕಿ ಕಡೆದರೆ ನೊರೆ ಬರುತ್ತದೆ. ನೀವು ಫಿಲ್ಟರ್ ಪುಡಿ ಹಾಕಿ ಕಡೆಯಿರಿ. ಎಷ್ಟು ಕಡೆದರೂ ಬರುವುದಿಲ್ಲ, ಆದರೆ ಸಂಜೆ ಕಳೆಯುತ್ತದೆ.

ಕೋಲ್ಡ್ ಬ್ರೂ ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ತರಿ ಪುಡಿಯನ್ನು ತಣ್ಣೀರಿನಲ್ಲಿ ಹನ್ನೆರಡರಿಂದ ಹದಿನೆಂಟು ತಾಸು ನೆನೆಸಿ ಸೋಸಬೇಕು. ಕೋಣೆಯ ಉಷ್ಣತೆಯಲ್ಲಿ ಇಟ್ಟರೂ ಆಗುತ್ತದೆಂದು ಬರೆದಿರುತ್ತಾರೆ. ಬರೆದವರ ಕೋಣೆ ಬಳ್ಳಾರಿ ಸೀಮೆಯದಲ್ಲ. ಏಪ್ರಿಲ್ಲಿನಲ್ಲಿ ಜಾಡಿಯನ್ನು ಮಾಳಿಗೆಯ ಮೇಲಿಡಿ, ಉಪ್ಪಿನಕಾಯಿಯ ಪಕ್ಕದಲ್ಲಿ. ಮಧ್ಯಾಹ್ನ ಎರಡಕ್ಕೆ ಇಳಿಸಿಕೊಂಡರೆ ಗ್ಯಾಸ್ ಇಲ್ಲದೆ ಬಿಸಿ ಮಾಡಿದ ಕೋಲ್ಡ್ ಬ್ರೂ ಕುಡಿದ ಮೊದಲಿಗರು ನೀವಾಗುತ್ತೀರಿ. ಪಟ್ಟಿಯಲ್ಲಿ ಉಳಿದದ್ದು ಇನ್ನೊಂದು: ಬೆಕ್ಕಿನ ಹೊಟ್ಟೆಯಿಂದ ಹೊರಬಂದ ಬೀಜದ ಕಾಫಿಯೂ ಕೊಡಗಿನಲ್ಲಿ ತಯಾರಾಗುತ್ತದೆ, ಅದು ಪುನುಗಿನ ಬೆಕ್ಕು. ಓಣಿಯ ಬೆಕ್ಕಿನ ಮೇಲೆ ಪ್ರಯೋಗ ಬೇಡ.

ಆರೋಗ್ಯದ ಮಾತು ಬಂದೇ ಬರುತ್ತದೆ, ತಯಾರಾಗಿರಿ. ಊಟದ ಜೊತೆ ಕಾಫಿ ಕುಡಿದರೆ ಆಹಾರದ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳುವುದು ಕಡಿಮೆಯಾಗುತ್ತದೆಂದು ವೈದ್ಯರು ಹೇಳುತ್ತಾರೆ. ಅದು ಬೇರೆ ಊರಿನವರ ಚಿಂತೆ. ಸಂಡೂರಿನ ಕಿಟಕಿಯಲ್ಲಿ ಫಿಲ್ಟರನ್ನು ಮುಚ್ಚಳ ತೆಗೆದು ಒಂದು ಮಧ್ಯಾಹ್ನ ಇಡಿ, ರಸ್ತೆಯಲ್ಲಿ ನಾಲ್ಕು ಅದಿರಿನ ಲಾರಿ ಹೋಗಲಿ. ಕಳೆದುಕೊಂಡದ್ದು ಕೆಂಪಗೆ ವಾಪಸ್ಸು ಬಂದು ಕೂತಿರುತ್ತದೆ. ಆ ಧೂಳಿನ ಕಬ್ಬಿಣ ಮೈಗೆ ಹತ್ತುತ್ತದೆಯೋ ಇಲ್ಲವೋ ಎಂಬ ಚರ್ಚೆಗೆ ಇಳಿಯಬೇಡಿ. ಗಣಿಯಿಂದ ಊರಿಗೆ ಬಂದದ್ದು ಏನೆಂದು ಕೇಳುವವರಿಗೆ ತೋರಿಸಲು ಅದಾದರೂ ಇರಲಿ.

ಇಷ್ಟೆಲ್ಲ ಆಗುವಷ್ಟರಲ್ಲಿ ಮನೆಯವರು ಒಬ್ಬೊಬ್ಬರಾಗಿ "ಇಲ್ಲೇ ಹೋಗಿಬರ್ತೀನಿ" ಎಂದು ಸರ್ಕಲ್ಲಿನ ಚಹಾದಂಗಡಿಗೆ ನಡೆದಿರುತ್ತಾರೆ. ನೀವೂ ಹೋಗಿ. ಆದರೆ ಬೇರೆ ಹೊತ್ತಿಗೆ ಹೋಗಿ, ಬೇರೆ ಅಂಗಡಿಗೆ ಹೋಗಿ. ಸಿಕ್ಕಿಬಿದ್ದರೆ ಅಂಗಡಿಯವನಿಗೆ ನೀರಿನ ಉಷ್ಣತೆಯ ಬಗ್ಗೆ ಏನೋ ತಿಳಿಸಿಕೊಡುತ್ತಿದ್ದಂತೆ ಕೈಯಾಡಿಸಿ.

ಕೊನೆಯ ಹಂತ ಉಪಕರಣಗಳದ್ದು. ಮೋಕಾ ಪಾಟು, ಆಲಿಕೆ, ಕೊಕ್ಕರೆ ಕೆಟಲು, ಸಿರಿಂಜು, ಎಲ್ಲವನ್ನೂ ತಂದ ಪೆಟ್ಟಿಗೆಗಳಲ್ಲೇ ತುಂಬಿ ಅಂಟು ಹಚ್ಚಿ. ಬಂಧುಬಳಗದಲ್ಲಿ ಹಳೇ ಸ್ಟೀಲಿನ ಫಿಲ್ಟರಿನಲ್ಲಿ ಒಳ್ಳೆಯ ಕಾಫಿ ಮಾಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಗೃಹಪ್ರವೇಶದವರೆಗೆ ತಾಳಿ, ಅಷ್ಟನ್ನೂ ಅವರಿಗೆ ಉಡುಗೊರೆ ಕೊಡಿ. ಕೊಡುವ ಮುನ್ನ ಈ ಕೈಪಿಡಿಯನ್ನು ಮಡಚಿ ಒಳಗಿಡಿ, ಬಿಲ್ಲನ್ನು ಮರೆಯದೆ ಹೊರಗೆ ತೆಗೆದಿಟ್ಟುಕೊಳ್ಳಿ.